ಏಳನೇ ಅತ್ತೆಯ ಖಾಲಿ ಸಾಲು

ಕಾಗೆ ಇನ್ನೂ ಬೆಳ್ಳಗಿದ್ದ ಕಾಲವೋ, ಕಲ್ಲಿಗೆ ಬಾಯಿದ್ದ ಕಾಲವೋ, ಯಾರಿಗೆ ಗೊತ್ತು, ಒಂದು ಬಯಲಿನಲ್ಲಿ ಕೆಲವು ಕಬ್ಬಿಣದ ಹಕ್ಕಿಗಳಿದ್ದವಂತೆ. ಅವು ಹರೆಯದಲ್ಲಿ ರೆಕ್ಕೆ ಬಿಚ್ಚಿದರೆ ಮೂರು ಊರಾಚೆಯ ಕಿಟಕಿಗಳು ನಡುಗುತ್ತಿದ್ದವು. ಈಗ ಬಲು ವಯಸ್ಸಾಗಿ, ಹಾರಿ ಬಂದು ಕೂತರೆ ಕೀಲು ಕೀಲೂ ನೋಯುತ್ತಿತ್ತು. ಹಕ್ಕಿಗಳಿಗೆ ಮಾತು ಬಾರದು. ಅವುಗಳ ಬೆನ್ನೇರಿ ಹೋದವರು ಇಳಿದು ಬಂದು, ಎಲ್ಲಿ ನೋವು ಅಂತ ಒಬ್ಬ ಹುಡುಗಿಗೆ ಹೇಳಬೇಕು. ಅವಳು ಅದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಅಷ್ಟೇ ಅವಳ ಕೆಲಸ. ನೀರು ಹೊರುವುದಿಲ್ಲ, ಸೌದೆ ಸೀಳುವುದಿಲ್ಲ. ಕೇಳಬೇಕು, ಬರೆಯಬೇಕು. ಆ ಹುಡುಗಿ ಒಂದು ದಿನ ಕೇಳಿಸಿಕೊಂಡಳು, ಬರೆಯಲಿಲ್ಲ.

ಆ ಹುಡುಗಿ ನಾನು. ಅಜ್ಜಿಯ ಕಥೆಗಳಲ್ಲಿ ಕೊಟ್ಟ ಮಾತಿಗೆ ತಪ್ಪಿದವರು ಕಲ್ಲಾಗುತ್ತಿದ್ದರು, ಕಪ್ಪೆಯಾಗುತ್ತಿದ್ದರು, ಕಡೇಪಕ್ಷ ತಲೆಯ ಮೇಲೆ ಕೊಂಬಾದರೂ ಮೂಡುತ್ತಿತ್ತು. ನನಗೆ ಏನೂ ಆಗಲಿಲ್ಲ. ಮರುದಿನ ಎಂಟೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು.

ನಾನು ಕೆಲಸ ಮಾಡುವುದು ಯುದ್ಧವಿಮಾನಗಳ ಒಂದು ನೆಲೆಯಲ್ಲಿ, ಸುರಕ್ಷತಾ ದಾಖಲೆಗಳ ಕೋಣೆಯಲ್ಲಿ. ಕೋಣೆ ಎಂದರೆ ವಿಮಾನ ನಿಲ್ಲಿಸುವ ಹ್ಯಾಂಗರಿನ ಬೆನ್ನಿಗೆ ಅಂಟಿಸಿದ, ತಗಡಿನ ಚಾವಣಿಯ ಒಂದು ಗೂಡು. ಎರಡು ಮೇಜು, ನಾಲ್ಕು ಉಕ್ಕಿನ ಬೀರು, ರನ್‌ವೇ ಕಾಣುವ ಒಂದು ಕಿಟಕಿ. ಒಂದು ಮೇಜು ನನ್ನದು, ಇನ್ನೊಂದು ಸುರಕ್ಷತಾ ಅಧಿಕಾರಿಯದು. ಅವರನ್ನು ಎಲ್ಲರೂ ಸಾಹೇಬರು ಅನ್ನುತ್ತಾರೆ. ವಿಮಾನ ಮೇಲೇಳುವಾಗ ಬೀರುಗಳ ಬಾಗಿಲು ಅದುರಿ ತಾವಾಗಿಯೇ ತೆರೆದುಕೊಳ್ಳುತ್ತವೆ. ಅದಕ್ಕೇ ಹಿಡಿಗಳಿಗೆ ದಾರ ಕಟ್ಟಿದ್ದೇನೆ.

ನಮ್ಮ ವಿಮಾನಗಳು ನಲವತ್ತು ವರ್ಷದವು. ಹಾರಿಸುವ ಪೈಲಟ್‌ಗಳಿಗಿಂತ ವಯಸ್ಸಿನಲ್ಲಿ ದೊಡ್ಡವು. ಅವುಗಳ ಬಿಡಿಭಾಗಗಳನ್ನು ಈಗ ಯಾರೂ ಮಾಡುವುದಿಲ್ಲ. ಒಂದಕ್ಕೆ ಏನಾದರೂ ಬೇಕಾದರೆ, ಹಾರಾಟ ನಿಲ್ಲಿಸಿದ ಇನ್ನೊಂದರಿಂದ ಬಿಚ್ಚಿ ತರಬೇಕು. ಹ್ಯಾಂಗರಿನವರು ಈ ವಿಮಾನಗಳನ್ನು ‘ಅತ್ತೆ’ ಅಂತ ಕರೆಯುತ್ತಿದ್ದರು. ಒಂದನೇ ಅತ್ತೆ, ಎರಡನೇ ಅತ್ತೆ, ಹೀಗೆ. ಹೆಸರಿಟ್ಟವರು ನಮ್ಮ ಮೇಸ್ತ್ರಿ, ಹ್ಯಾಂಗರಿನ ಹಿರಿಯ ಮೆಕ್ಯಾನಿಕ್.

“ಮೂವತ್ತು ವರ್ಷ ಸೇವೆ ಮಾಡಿದ್ದೀನಿ. ಒಂದು ದಿನ ನನ್ನ ಮೆಚ್ಚಿಕೊಂಡವಳಲ್ಲ ಇವಳು. ಸುಮ್ಮನೆ ಕೂತಿದ್ದಾಳೆ ಅಂದ್ಕೊಂಡ್ರೆ ಒಳಗೊಳಗೇ ಏನೋ ಕುದೀತಿರುತ್ತೆ. ನಮ್ಮನೆಯವಳು ನಮ್ಮಮ್ಮನ ಹತ್ರ ಹೆಂಗೆ ಬಾಳಿದಳೋ ಅಂತ ಈಗ ಗೊತ್ತಾಗುತ್ತೆ ನಂಗೆ” ಎಂದು ಮೇಸ್ತ್ರಿ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳುತ್ತಿದ್ದರು.

ನನ್ನ ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು. ನೆಲದ ಮೇಲೆ ಪರೀಕ್ಷೆ ಮಾಡಿದಾಗಲೂ ಕಾಣುವ ದೋಷಗಳು ದೊಡ್ಡ ರಿಜಿಸ್ಟರಿಗೆ ಹೋಗುತ್ತವೆ. ಎರಡನೆಯದು ಬಾಯಿಮಾತಿನ ಪುಸ್ತಕ. ಆಕಾಶದಲ್ಲಿ ಅನುಭವಕ್ಕೆ ಬಂದು, ಕೆಳಗಿಳಿದ ಮೇಲೆ ಎಷ್ಟು ಹುಡುಕಿದರೂ ಸಿಗದ ಸಣ್ಣಪುಟ್ಟ ವಿಷಯಗಳನ್ನು ಪೈಲಟ್‌ಗಳು ಬಂದು ನನಗೆ ಹೇಳುತ್ತಾರೆ, ನಾನು ಅದರಲ್ಲಿ ಬರೆಯುತ್ತೇನೆ. ಒಂದು ದೂರಿಗೆ ಒಂದು ಸಾಲು. ಸಾಲುಗಳಿಗೆ ಮೊದಲೇ ಅಂಕಿ ಅಚ್ಚಾಗಿರುತ್ತದೆ. ಬರೆದದ್ದನ್ನು ಬೇರೆ ಪೈಲಟ್‌ಗಳಿಗೆ ತೋರಿಸುವಂತಿಲ್ಲ, ಯಾಕೆಂದರೆ ಒಬ್ಬರ ಮಾತು ಕೇಳಿ ಇನ್ನೊಬ್ಬರಿಗೂ ಹಾಗೇ ಅನ್ನಿಸಿಬಿಡಬಹುದು. ಆ ಪುಸ್ತಕದಲ್ಲಿ ನನ್ನ ಕೈಯಲ್ಲದೆ ಬೇರೆ ಕೈ ಪೆನ್ನಿಡುವಂತಿಲ್ಲ, ಸಾಹೇಬರದೂ ಸೇರಿ.

ಇನ್ನೊಂದು ನಿಯಮ ಎಲ್ಲಕ್ಕಿಂತ ದೊಡ್ಡದು. ಒಂದೇ ವಿಮಾನದ ಮೇಲೆ ಒಂದೇ ಥರದ ದೂರು ಮೂರು ಸಾಲಾದರೆ, ಆ ವಿಮಾನ ಆ ಕ್ಷಣದಿಂದ ಹಾರುವಂತಿಲ್ಲ. ಸಂಬಂಧಪಟ್ಟ ಭಾಗವನ್ನು ಪೂರ್ತಿ ಬಿಚ್ಚಿ ನೋಡಬೇಕು. ಬಹಳ ವರ್ಷಗಳ ಹಿಂದೆ ಒಂದು ವಿಮಾನ ಬಿದ್ದ ಮೇಲೆ ತಿಳಿಯಿತಂತೆ, ಐದು ಜನ ಪೈಲಟ್‌ಗಳಿಗೆ ಅದರಲ್ಲಿ ಒಂದೇ ತೊಂದರೆ ಕಂಡಿತ್ತು, ಐವರೂ ‘ನನ್ನ ಭ್ರಮೆ ಇರಬೇಕು’ ಎಂದುಕೊಂಡು ಸುಮ್ಮನಾಗಿದ್ದರು ಅಂತ. ಅಂದಿನಿಂದ ಈ ಪುಸ್ತಕ.

ಆ ವಾರ ನೆಲೆಯಲ್ಲಿ ಒಂದೇ ಮಾತು. ಶನಿವಾರ ಅತ್ತೆಯರಿಗೆ ನಲವತ್ತು ತುಂಬುತ್ತದೆ, ಎಂಟು ವಿಮಾನ ಒಟ್ಟಿಗೆ ಹಾರಬೇಕು. ಅದೇ ದಿನ ಮೇಸ್ತ್ರಿಯ ನಿವೃತ್ತಿ. ಹಾರುವ ಸ್ಥಿತಿಯಲ್ಲಿದ್ದದ್ದು ಸರಿಯಾಗಿ ಎಂಟು. “ಏಳಾದ್ರೆ ಸಾಲಿನಲ್ಲಿ ಹಲ್ಲು ಉದುರಿದ ಹಾಗೆ ಕಾಣುತ್ತೆ. ನಗೆಪಾಟಲು” ಎಂದು ಸಾಹೇಬರು ಟೀ ಕುಡಿಯುತ್ತಾ ಅಂದಿದ್ದರು. ಅಷ್ಟೇ ಅಂದದ್ದು. ಮೇಸ್ತ್ರಿ ಅದನ್ನೂ ಅನ್ನಲಿಲ್ಲ. ಆದರೆ ಅವರು ಒಂದು ಮಧ್ಯಾಹ್ನ ನನ್ನ ಕಿಟಕಿಯ ಹತ್ತಿರ ನಿಂತು, “ಪುಟ್ಟೀ, ಮೂವತ್ತು ವರ್ಷದಲ್ಲಿ ಇವರೆಲ್ಲ ಒಟ್ಟಿಗೆ ಹಾರಿದ್ದು ಒಂದ್ಸಲಾನೂ ನೋಡಿಲ್ಲ ಕಣೆ. ಯಾವಾಗಲೂ ಒಬ್ಬಳಾದ್ರೂ ಮುನಿಸಿಕೊಂಡು ನನ್ನ ಹ್ಯಾಂಗರಲ್ಲಿ ಬಿದ್ದಿರ್ತಾಳೆ” ಎಂದಿದ್ದರು.

ಮಂಗಳವಾರ ಊಟದ ಹೊತ್ತಿಗೆ ಉದ್ದಣ್ಣ ಬಂದರು. ಏಳನೇ ಅತ್ತೆಯನ್ನು ಹಾರಿಸುವ ಪೈಲಟ್ ಅವರು. ಆರಡಿ ಮೂರಂಗುಲ ಇದ್ದುದಕ್ಕೆ ಆ ಅಡ್ಡಹೆಸರು. ಬಾಗಿಲಲ್ಲಿ ಯಾವಾಗಲೂ ತಲೆ ತಗ್ಗಿಸಿಯೇ ಒಳಗೆ ಬರಬೇಕು.

“ಏನ್ ಕಥೆಯಮ್ಮಾ, ಇವತ್ತು ಯಾವ ರಾಜ್ಯದಲ್ಲಿದ್ದೀಯ?” ಎಂದರು. ನಾನು ಕಿಟಕಿಯಾಚೆ ನೋಡುತ್ತಾ ಕೂತುಬಿಡುತ್ತೇನೆ ಅಂತ ಪೈಲಟ್‌ಗಳೆಲ್ಲ ನನಗೆ ಇಟ್ಟ ಹೆಸರು ಅದು.

“ಇಲ್ಲೇ ಇದ್ದೀನಿ ಅಣ್ಣ, ಹೇಳಿ.”

“ಬರ್ಕೋ. ಕೆಳಗಿನ ಎತ್ತರದಲ್ಲಿ ತಿರುಗುವಾಗ ಥ್ರಾಟಲ್ ಹಿಡಿ ಹಿಂದಕ್ಕೆಳೆದು, ವೇಗ ಬೇಕಂತ ಮತ್ತೆ ಮುಂದೊತ್ತಿದೆ. ಎಂಜಿನ್ ತಕ್ಷಣ ಓಗೊಡಲಿಲ್ಲ. ಒಂದು ಉಸಿರು ತಗೊಂಡು ಬಿಡುವಷ್ಟು ಹೊತ್ತು. ಆಮೇಲೆ ಸರಿಹೋಯ್ತು. ಇಳಿದ ಮೇಲೆ ನಾನೇ ಹತ್ತು ಸಲ ಓಡಿಸಿ ನೋಡಿದೆ, ಒಂದು ಸಲಾನೂ ಹಾಗಾಗಲಿಲ್ಲ. ನಮ್ಮತ್ತೆ ಹಾಗೇನೇ, ನಾಲ್ಕು ಜನದ ಮುಂದೆ ಬಹಳ ಒಳ್ಳೆಯವಳು.”

ನಾನು ನಕ್ಕೆ. ಅವರು ನಗಲಿಲ್ಲ. “ಮರೀಬೇಡ ತಂಗಿ. ಎತ್ತರದಲ್ಲಾದ್ರೆ ಒಂದು ಉಸಿರು ಏನೂ ಅಲ್ಲ. ಕೆಳಗೆ ಅದು ಬಹಳ ದೊಡ್ಡದು.”

“ಇವತ್ತೇ ಬರೀತೀನಿ ಅಣ್ಣ, ಖಂಡಿತ” ಎಂದೆ.

ಅವರು ಹೋದ ಮೇಲೆ ಪುಸ್ತಕ ತೆರೆದೆ. ಏಳನೇ ವಿಮಾನದ ಹಿಂದಿನ ಸಾಲುಗಳನ್ನು ನೋಡಿದೆ. ಆರನೇ ಸಾಲು: ಎಂಜಿನ್ ತಡವಾಗಿ ಓಗೊಟ್ಟಿತು. ಹನ್ನೊಂದನೇ ಸಾಲು, ಬೇರೆ ಪೈಲಟ್: ಎಂಜಿನ್ ತಡವಾಗಿ ಓಗೊಟ್ಟಿತು. ಇದು ಮೂರನೆಯದು. ಬರೆದರೆ ಏಳನೇ ಅತ್ತೆ ಅಲ್ಲೇ ನಿಲ್ಲುತ್ತಾಳೆ. ಶನಿವಾರ ಏಳೇ ವಿಮಾನ.

ನನಗೆ ಯಾರೂ ‘ಬರೆಯಬೇಡ’ ಅನ್ನಲಿಲ್ಲ. ಅದನ್ನು ಎಷ್ಟು ಸಲ ಹೇಳಿಕೊಂಡರೂ ಸಾಲದು. ಸಾಹೇಬರು ಆಗ ಊಟಕ್ಕೆ ಹೋಗಿದ್ದರು. ಮೇಸ್ತ್ರಿ ಹ್ಯಾಂಗರಿನಲ್ಲಿ ಯಾವುದೋ ಚಕ್ರದ ಕೆಳಗೆ ಮಲಗಿದ್ದರು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಮತ್ತು ನನ್ನ ಕಣ್ಣೊಳಗೆ ಎಂಟು ಹಕ್ಕಿಗಳಿದ್ದವು. ಎಂಟೂ ಒಂದೇ ಗೆರೆಯಲ್ಲಿ ಬಯಲ ಮೇಲೆ ಹಾದುಹೋಗುವುದು, ಕೆಳಗೆ ಮೇಸ್ತ್ರಿ ಹಣೆಗೆ ಕೈಯಡ್ಡ ಹಿಡಿದು ನೋಡುವುದು, ಅವರ ಕಣ್ಣು ತುಂಬುವುದು, ಎಲ್ಲವನ್ನೂ ನಾನು ಆಗಲೇ ನೋಡಿಬಿಟ್ಟಿದ್ದೆ. ನೋಡಿದ್ದನ್ನು ಅಳಿಸಲು ಮನಸ್ಸಾಗಲಿಲ್ಲ. ಭಾನುವಾರ ರಜೆ, ಸೋಮವಾರ ಬೆಳಿಗ್ಗೆ ಬಂದ ಕೂಡಲೇ ಬರೆದರಾಯಿತು, ಆರು ದಿನದಲ್ಲಿ ಏನಾಗುತ್ತೆ ಎಂದುಕೊಂಡೆ. ಹದಿನೇಳನೇ ಸಾಲನ್ನು ಹಾಗೇ ಖಾಲಿ ಬಿಟ್ಟೆ. ಸಂಜೆ ಮೂರನೇ ವಿಮಾನದ ರೇಡಿಯೋ ಗೊರಗೊರ ಅನ್ನುತ್ತದೆ ಎಂದು ಯಾರೋ ಬಂದು ಹೇಳಿದರು. ಅದನ್ನು ಹದಿನೆಂಟರಲ್ಲಿ ಬರೆದೆ.

ಗುರುವಾರ ಬೆಳಿಗ್ಗೆ ತಾಲೀಮು. ಉದ್ದಣ್ಣ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನನ್ನ ಕಿಟಕಿಯ ಮುಂದೆ ಹಾದುಹೋದರು. ನನ್ನನ್ನು ಕಂಡು ನಿಂತು, ಗಾಳಿಯಲ್ಲಿ ಬೆರಳಿನಿಂದ ಬರೆಯುವ ಹಾಗೆ ಮಾಡಿ ಹುಬ್ಬೇರಿಸಿದರು. ಬರೆದ್ಯಾ?

ನಾನು ನಗುತ್ತಾ ತಲೆಯಾಡಿಸಿದೆ.

ಅವರು ಹೆಬ್ಬೆರಳೆತ್ತಿ ತೋರಿಸಿ ವಿಮಾನದ ಕಡೆ ಹೋದರು. ಅವರ ಲೆಕ್ಕ ಎಷ್ಟು ಸರಳವಾಗಿತ್ತು ಅಂತ ಆಮೇಲೆ ಹೊಳೆಯಿತು. ಬರೆದಾಗಿದೆ, ಆದರೂ ವಿಮಾನ ಹಾರಾಟದ ಪಟ್ಟಿಯಲ್ಲಿದೆ, ಅಂದರೆ ಮೂರು ಸಾಲು ಆಗಿಲ್ಲ, ಅಂದರೆ ದೊಡ್ಡದೇನಲ್ಲ. ನನ್ನ ತಲೆ ಅಲ್ಲಾಡಿದ್ದು ಅವರಿಗೆ ಇಷ್ಟೆಲ್ಲ ಹೇಳಿತು.

ಎಂಟೂ ಮೇಲೆದ್ದವು. ಬೀರುಗಳು ಅದುರಿದವು. ನಾನು ಕಿಟಕಿಗೆ ಮೂಗು ಒತ್ತಿ ನಿಂತೆ. ನಾನು ಕಂಡ ಕನಸಿಗಿಂತ ಅದು ಚೆನ್ನಾಗಿತ್ತು, ಆ ಮಾತು ಹೇಳಲು ಇವತ್ತಿಗೂ ನಾಲಿಗೆ ಸುಡುತ್ತದೆ. ಇಳಿಯುವಾಗ ಏಳನೆಯದು ಕೊನೆಯ ತಿರುವಿನಲ್ಲಿ ಗುಂಪಿನಿಂದ ಸ್ವಲ್ಪ ಹಿಂದೆ ಬಿತ್ತು. ಮೂಗು ಎತ್ತಿತು. ಕೆಳಗೆ ಸರಿಯಿತು. ಅದರ ಸದ್ದು ಅಡಗಿತು, ಗದ್ದಲದ ಮನೆ ಒಮ್ಮೆಲೇ ಸುಮ್ಮನಾದ ಹಾಗೆ. ಆಮೇಲೆ ಅದು ಹ್ಯಾಂಗರುಗಳ ಕಡೆಯಿಂದ ಮೂತಿ ತಿರುಗಿಸಿ ಬೇಲಿಯಾಚೆಯ ಬೀಳುಭೂಮಿಗೆ ಹೋಗಿ ಬಿತ್ತು. ಬೀಳುವ ಮೊದಲು ಅದರೊಳಗಿಂದ ಏನೋ ಚಿಮ್ಮಿದ್ದು ಕಂಡಿತು. ಪ್ಯಾರಾಶೂಟ್ ಪೂರ್ತಿ ಅರಳುವಷ್ಟು ಎತ್ತರವಿರಲಿಲ್ಲ.

ಯಾರೂ ಸಾಯಲಿಲ್ಲ. ಉದ್ದಣ್ಣನ ಬೆನ್ನುಮೂಳೆ ಎರಡು ಕಡೆ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು.

ಶನಿವಾರ ಯಾವ ವಿಮಾನವೂ ಹಾರಲಿಲ್ಲ. ಮೇಸ್ತ್ರಿ ನಿವೃತ್ತರಾದರು. ಹಾರವಿಲ್ಲ, ಭಾಷಣವಿಲ್ಲ. ಹ್ಯಾಂಗರಿನ ನೆಲದ ಮೇಲೆ ತಮ್ಮ ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಹರವಿಕೊಂಡು ಒಂದೊಂದನ್ನೇ ಮುಟ್ಟಿ ನೋಡುತ್ತಾ ಕೂತಿದ್ದರು. “ಒಳಗೇನಾದ್ರೂ ಬಿಟ್ಟುಬಂದ್ನಾ ಅಂತ ನೋಡ್ತಿದ್ದೀನಿ ಪುಟ್ಟಿ. ಎಲ್ಲಾ ಇದೆ. ಆದ್ರೂ ಯಾವುದೋ ಒಂದು ಬೋಲ್ಟು ನನ್ನ ಕೈಯಲ್ಲೇ ಸಡಿಲ ಉಳಿದಿರಬೇಕು. ಇಲ್ಲದಿದ್ರೆ ಯಾಕೆ ಬೀಳುತ್ತೆ?” ಎಂದರು. ನಾನು ಅವರಿಗೆ ಒಂದು ಲೋಟ ನೀರು ತಂದುಕೊಟ್ಟೆ. ಅದೊಂದನ್ನು ಬಿಟ್ಟು ಏನೂ ಮಾಡಲಿಲ್ಲ.

ವಿಚಾರಣೆಗೆ ಬೇರೆ ಕಡೆಯಿಂದ ಒಬ್ಬ ಅಧಿಕಾರಿ ಬಂದರು. ಸೌಮ್ಯ ಮನುಷ್ಯ, ಕೆಮ್ಮುತ್ತಿದ್ದರು. ಬಾಯಿಮಾತಿನ ಪುಸ್ತಕದ ಪುಟ ತಿರುಗಿಸಿ, ಹದಿನೇಳರ ಮೇಲೆ ಬೆರಳಿಟ್ಟು ಕೇಳಿದರು: “ಇದ್ಯಾಕಮ್ಮ ಖಾಲಿ?”

ಹೇಳಬೇಕೆಂದೇ ಬಾಯಿ ತೆರೆದೆ. ಸಾಹೇಬರು ಪಕ್ಕದಲ್ಲಿ ನಿಂತಿದ್ದರು. “ಕೈತಪ್ಪಿ ಬಿಟ್ಟುಹೋಗಿದೆ ಸರ್” ಎಂದೆ. ಅದು ನನ್ನ ಧ್ವನಿಯಲ್ಲೇ ಇತ್ತು, ಸ್ವಲ್ಪವೂ ನಡುಗಲಿಲ್ಲ.

“ಸರಿ. ಆಮೇಲೆ ಅದಕ್ಕೊಂದು ಗೆರೆ ಹೊಡೆದು ಸಹಿ ಹಾಕಿಬಿಡಿ” ಎಂದು ಅವರು ಕೆಮ್ಮಿ ಮುಂದಿನ ಪುಟಕ್ಕೆ ಹೋದರು.

ಮೂರು ವಾರ ನಾನು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ಶನಿವಾರ ಉದ್ದಣ್ಣನ ಹೆಂಡತಿಯೇ ಫೋನ್ ಮಾಡಿ, “ಒಂದ್ಸಲ ಬಂದು ಹೋಗಮ್ಮ, ನಿನ್ನನ್ನೇ ಕೇಳ್ತಿದ್ದಾರೆ” ಎಂದರು. ಹೋದೆ.

ಆಸ್ಪತ್ರೆಯ ಮಂಚ ಅವರಿಗೆ ಗಿಡ್ಡವಾಗಿತ್ತು. ಕಾಲ ಕಡೆ ಒಂದು ಸ್ಟೂಲಿಟ್ಟು ಅದರ ಮೇಲೆ ದಿಂಬು ಇಟ್ಟಿದ್ದರು. ಎದೆಯಿಂದ ಸೊಂಟದವರೆಗೆ ಬಿಗಿದ ಕವಚ. ಕಾಲ್ಬೆರಳುಗಳಲ್ಲಿ ಸ್ಪರ್ಶ ಮರಳಿದೆ, ನಡೆಯುತ್ತಾರೆ, ಆದರೆ ಇನ್ನು ವಿಮಾನ ಹತ್ತುವಂತಿಲ್ಲ ಅಂತ ಡಾಕ್ಟರು ಹೇಳಿದ್ದರಂತೆ.

“ಬಾ ಕಥೆಯಮ್ಮಾ” ಎಂದರು. “ಒಂದು ವಿಷಯ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾನು ನಿನ್ನ ಹತ್ರ ಬಂದು, ಎಂಜಿನ್ ತಡವಾಗಿ ಓಗೊಡ್ತು ಅಂತ ಹೇಳಿದ್ನಾ?”

ನಾನು ಅವರ ಹೆಂಡತಿಯ ಮುಖ ನೋಡಿದೆ. ಆ ಅತ್ತಿಗೆ ನನಗೆ ಕೂರಲು ಕುರ್ಚಿ ಎಳೆಯುತ್ತಿದ್ದರು.

“ಯಾಕೆ ಕೇಳ್ತೀನಿ ಅಂದ್ರೆ, ನನಗೆ ಚೆನ್ನಾಗಿ ನೆನಪಿದೆ” ಎಂದು ಉದ್ದಣ್ಣ ಮುಂದುವರಿಸಿದರು. “ಬಾಗಿಲಲ್ಲಿ ತಲೆ ತಗ್ಗಿಸಿದ್ದು ನೆನಪಿದೆ. ನೀನು ನಕ್ಕಿದ್ದು ನೆನಪಿದೆ. ಗುರುವಾರ ನೀನು ಕಿಟಕೀಲಿ ತಲೆಯಾಡಿಸಿದ್ದೂ ನೆನಪಿದೆ. ಆದ್ರೆ ಪುಸ್ತಕದಲ್ಲಿ ಏನೂ ಇಲ್ಲವಂತೆ. ಡಾಕ್ಟ್ರು ಹೇಳ್ತಾರೆ, ತಲೆಗೆ ಪೆಟ್ಟು ಬಿದ್ದಾಗ ಮನಸ್ಸು ತಾನಾಗೇ ನೆನಪು ಕಟ್ಟಿಕೊಳ್ಳುತ್ತಂತೆ, ತನ್ನ ತಪ್ಪು ಮುಚ್ಚಿಕೊಳ್ಳೋಕೆ.” ಅವರು ನಕ್ಕರು. “ನಾನೂ ನಿನ್ನ ಥರ ಕಥೆ ಕಟ್ಟೋಕೆ ಶುರು ಮಾಡಿದ್ದೀನಿ ನೋಡು.”

“ಸುಮ್ನಿರಿ, ಹಾಗೆಲ್ಲ ಮಾತಾಡಬೇಡಿ” ಎಂದು ಅತ್ತಿಗೆ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ: “ದಿನಾ ಇದೇ. ಬೆಳಿಗ್ಗೆ ‘ಹೇಳಿದ್ದೆ’ ಅಂತಾರೆ, ಸಂಜೆ ‘ಹೇಳಿರಲಿಲ್ಲ’ ಅಂತಾರೆ. ಮೊನ್ನೆ ಗ್ಯಾಸ್ ಆಫ್ ಮಾಡಿ ಬಂದಿದ್ದೀನಾ ಅಂತ ಕೇಳಿದ್ರು, ಇವರು ಆಸ್ಪತ್ರೆಗೆ ಬಂದು ತಿಂಗಳಾಗ್ತಾ ಬಂತು.”

ಮಂಚದ ಪಕ್ಕ ವಿಚಾರಣೆಯ ತೀರ್ಮಾನದ ಕಾಗದವಿತ್ತು. ಎಂಜಿನ್ ಸುಟ್ಟು ಕರಕಲಾಗಿದೆ, ಅದರಿಂದ ಏನೂ ತಿಳಿಯುತ್ತಿಲ್ಲ. ಈ ದೋಷದ ಬಗ್ಗೆ ಹಿಂದಿನ ಎರಡು ದೂರುಗಳು ನೆಲದ ಪರೀಕ್ಷೆಯಲ್ಲಿ ಸಾಬೀತಾಗಿಲ್ಲ, ಈ ಪೈಲಟ್ ದೂರು ಕೊಟ್ಟ ದಾಖಲೆಯೂ ಇಲ್ಲ. ಆದ್ದರಿಂದ ಕಡಿಮೆ ಎತ್ತರದಲ್ಲಿ ವೇಗವನ್ನು ಮಿತಿಮೀರಿ ಇಳಿಸಿದ್ದೇ ಕಾರಣ. ಪೈಲಟ್‌ನ ತಪ್ಪು. ಒಪ್ಪಿಗೆಯಿದ್ದರೆ ಸೋಮವಾರ ಮಧ್ಯಾಹ್ನದೊಳಗೆ ಸಹಿ ಮಾಡಬೇಕು.

“ಒಪ್ಪಿಬಿಡ್ತೀನಿ” ಎಂದರು ಉದ್ದಣ್ಣ. “ನಾನು ಹೇಳಿದ್ದೆ ಅಂತ ಹಟ ಹಿಡಿದ್ರೆ ನೀನು ಸುಳ್ಳು ಹೇಳಿದ್ದೀಯ ಅಂತಾಗುತ್ತೆ. ನೀನ್ಯಾಕಮ್ಮ ಸುಳ್ಳು ಹೇಳ್ತೀಯ?”

“ಪುಸ್ತಕ ಇನ್ನೊಂದ್ಸಲ ನೋಡಿ ಹೇಳ್ತೀನಿ ಅಣ್ಣ” ಎಂದೆ. ನೋಡುವುದೇನಿತ್ತು ಅದರಲ್ಲಿ? ಅತ್ತಿಗೆ ಬಾಗಿಲವರೆಗೂ ಬಂದು, ನನ್ನ ಭುಜ ಸವರಿ, “ಬಂದಿದ್ದು ಒಳ್ಳೇದಾಯ್ತು” ಎಂದರು.

ಬಸ್ಸಿನಲ್ಲಿ ಕೂತಾಗ ನೆನಪಾಯಿತು, ನಾನು ವಾರ್ಷಿಕೋತ್ಸವಕ್ಕೆಂದು ಅತ್ತೆಯರ ನಲವತ್ತು ವರ್ಷದ ಸುರಕ್ಷತಾ ದಾಖಲೆಯ ಪಟ್ಟಿ ಟೈಪು ಮಾಡಿದ್ದೆ. ಮೂವತ್ತೊಂದು ಅಪಘಾತ. ಕಾರಣದ ಕಾಲಮಿನಲ್ಲಿ ಹತ್ತೊಂಬತ್ತು ಕಡೆ ಪೈಲಟ್‌ನ ತಪ್ಪು, ಪೈಲಟ್‌ನ ತಪ್ಪು. ಟೈಪು ಮಾಡುವಾಗ ಕೈ ಎಷ್ಟು ಪಳಗಿತ್ತೆಂದರೆ ಆ ಎರಡು ಪದ ನೋಡದೆಯೇ ಬರುತ್ತಿತ್ತು. ಇವರು ಎಂಥಾ ಪೆದ್ದರಪ್ಪ ಎಂದೂ ಒಮ್ಮೆ ಅನ್ನಿಸಿತ್ತು. ಇಪ್ಪತ್ತನೆಯದನ್ನು ಸೋಮವಾರ ನಾನೇ ಟೈಪು ಮಾಡಬೇಕು. ಆ ಹತ್ತೊಂಬತ್ತರ ಹಿಂದೆ ಎಷ್ಟು ಖಾಲಿ ಸಾಲುಗಳಿದ್ದವೋ.

ಭಾನುವಾರ ಮಧ್ಯಾಹ್ನ ಅಜ್ಜಿ ಹಳೆಯ ಸ್ವೆಟರ್ ಒಂದನ್ನು ಬಿಚ್ಚಿ ಉಣ್ಣೆ ಸುತ್ತಲು ಕೂತಳು. ನನ್ನೆರಡೂ ಮುಂಗೈಗಳಿಗೆ ಉಣ್ಣೆಯ ಲಡಿ ಹಾಕಿ, “ಅಲ್ಲಾಡಬೇಡ, ಗಂಟಾಗುತ್ತೆ. ಏನಾದ್ರೂ ಕಥೆ ಹೇಳು” ಎಂದಳು. ಚಿಕ್ಕವಳಿದ್ದಾಗ ಅವಳು ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಅವಳ ಕಣ್ಣು ಮಂಜಾದ ಮೇಲೆ ಅದು ತಿರುಗಾಮುರುಗಾ ಆಗಿದೆ.

ಕಬ್ಬಿಣದ ಹಕ್ಕಿಗಳಿದ್ದವಂತೆ ಎಂದು ಶುರು ಮಾಡಿದೆ.

“ಹೂಂ” ಎಂದಳು.

ಬೆನ್ನೇರಿ ಹೋಗುವವನೊಬ್ಬ ಬಹಳ ಉದ್ದಕ್ಕಿದ್ದನಂತೆ.

“ಹೂಂ. ಮದುವೆ ಆಗಿತ್ತಾ ಅವನಿಗೆ?”

“ಆಗಿತ್ತು ಅಜ್ಜಿ.”

“ಅಯ್ಯೋ. ಹಾಗಾದ್ರೆ ಈ ಕಥೇಲಿ ರಾಜಕುಮಾರಿ ಬರಲ್ಲ ಬಿಡು. ಹೂಂ, ಮುಂದೆ?”

ಹಕ್ಕಿಯ ನೋವನ್ನು ಅವನು ಹುಡುಗಿಗೆ ಹೇಳಿದ, ಬರೀತೀನಿ ಅಂತ ಅವಳು ಮಾತು ಕೊಟ್ಟಳು ಎಂದೆ. ಹೂಂ. ಅವಳು ಲೇಖನಿ ಎತ್ತಿದಳು ಎಂದೆ. ಹೂಂ. “ಅಷ್ಟರಲ್ಲಿ ಒಬ್ಬ ರಾಕ್ಷಸ ಬಂದು ಅವಳ ಕೈ ಗಟ್ಟಿಯಾಗಿ ಹಿಡ್ಕೊಂಡ.”

ಅಜ್ಜಿ ಹೂಂ ಅನ್ನಲಿಲ್ಲ. ಉಣ್ಣೆ ಸುತ್ತುವುದನ್ನೂ ನಿಲ್ಲಿಸಿದಳು. “ಯಾವ ರಾಕ್ಷಸ?”

“ಒಬ್ಬ ರಾಕ್ಷಸ.”

“ಎಲ್ಲಿಂದ ಬಂದ ಅವನು ಈಗ? ಕಥೆ ಶುರುವಿನಲ್ಲಿ ಇರಲಿಲ್ಲವಲ್ಲ. ರಾಕ್ಷಸ ಇದ್ರೆ ಮೊದಲೇ ಗುಹೆ ತೋರಿಸಬೇಕು, ಅವನು ಏನು ತಿಂತಾನೆ ಹೇಳಬೇಕು. ನಡುವೆ ತಂದು ತುರುಕಿದ್ರೆ ನಾನು ಒಪ್ಪಲ್ಲ. ತೆಗಿ ಅವನನ್ನ.”

“ತೆಗೆದೆ.”

“ಹಾಂ. ಈಗ ಹೇಳು. ಕೈ ಯಾರು ಹಿಡಿದ್ರು?”

ನನ್ನ ಕೈಗಳು ಉಣ್ಣೆಯೊಳಗೆ ಸಿಕ್ಕಿಕೊಂಡಿದ್ದವು, ಕಣ್ಣೊರೆಸಿಕೊಳ್ಳಲೂ ಆಗುವಂತಿರಲಿಲ್ಲ. “ಯಾರೂ ಹಿಡೀಲಿಲ್ಲ ಅಜ್ಜಿ” ಎಂದೆ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ. ಹಕ್ಕಿ ಬಿದ್ದದ್ದು, ತಲೆಯಾಡಿಸಿದ್ದು, ‘ಕೈತಪ್ಪಿ’ ಅಂದದ್ದು, ಆ ಉದ್ದನೆಯವನು ತಾನು ಹೇಳಿದ್ದ ಮಾತನ್ನು ತಾನೇ ನಂಬದ ಹಾಗಾದದ್ದು. ‘ಅವಳು’ ಎಂದು ಶುರುವಾದದ್ದು ಯಾವ ವಾಕ್ಯದಲ್ಲಿ ‘ನಾನು’ ಆಯಿತೋ ತಿಳಿಯಲಿಲ್ಲ. ಅಜ್ಜಿ ಒಂದು ಸಲವೂ ಹೂಂ ಅನ್ನಲಿಲ್ಲ.

ಕೊನೆಗೆ ಕೇಳಿದಳು: “ಆಮೇಲೆ?”

“ಅಷ್ಟೇ. ಇಲ್ಲಿಗೆ ಬಂದಿದೆ.”

“ಇದೇನೇ ಇದು, ಅರ್ಧಕ್ಕೆ ಬಿಟ್ಟೆ?” ಅಜ್ಜಿಯ ದನಿ ಜೋರಾಯಿತು. “ಈ ವಯಸ್ಸಿನಲ್ಲಿ ನನಗೆ ಅರ್ಧ ಕಥೆ ಕೇಳಿಸಬೇಡ, ಕಾಯೋಕೆ ನನ್ನ ಹತ್ರ ಟೈಮಿಲ್ಲ. ನಾನು ಮುಗಿಸಿಕೊಡ್ತೀನಿ ಅಂತಾನೂ ಕಾಯಬೇಡ. ಕಥೆ ನನ್ನದಲ್ಲ.” ನನ್ನ ಕೈಯಿಂದ ಲಡಿ ತೆಗೆದಳು. “ಆ ಹುಡುಗ ಹಾಸಿಗೇಲಿ ಮಲಗಿ ತನ್ನ ತಲೇನೇ ಅನುಮಾನಿಸ್ತಿದ್ದಾನಲ್ಲೇ. ಬೆನ್ನು ಮುರಿದಿದ್ದಕ್ಕಿಂತ ಅದು ದೊಡ್ಡದು.” ಉಣ್ಣೆಯುಂಡೆ ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ನನ್ನ ಮೇಲೆ ಅವಳು ಹಾಗೆ ಮುನಿಸಿಕೊಂಡದ್ದು ನಾನು ಕಂಡಂತೆ ಅದೇ ಮೊದಲು.

ಸೋಮವಾರ ಬೆಳಿಗ್ಗೆ ಕೋಣೆಯ ಬೀಗ ತೆಗೆದು, ಚೀಲವನ್ನೂ ಇಡದೆ ಆಸ್ಪತ್ರೆಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಿಕೊಂಡರು.

“ಅಣ್ಣ ಸಹಿ ಹಾಕಿಲ್ಲ ತಾನೇ?”

“ಇನ್ನೂ ಇಲ್ಲ. ತಿಂಡಿ ಆದ ಮೇಲೆ ಅಂದ್ರು. ಯಾಕಮ್ಮ?”

“ಫೋನ್ ಅವರ ಕಿವಿ ಹತ್ರ ಹಿಡೀರಿ ಅತ್ತಿಗೆ.”

ಉಸಿರಿನ ಸದ್ದು ಕೇಳಿಸಿತು. “ಅಣ್ಣ, ನೀವು ಹೇಳಿದ್ರಿ” ಎಂದೆ. “ಮಂಗಳವಾರ ಊಟದ ಹೊತ್ತಿಗೆ. ನಾನು ಬರೀಲಿಲ್ಲ. ಗುರುವಾರ ತಲೆಯಾಡಿಸಿದ್ದೂ ನಿಜ. ನಿಮ್ಮ ನೆನಪೆಲ್ಲ ಸರಿಯಾಗಿದೆ. ನಾನು ಸುಳ್ಳು ಹೇಳಿದ್ದು.”

ಬೈಯುತ್ತಾರೆ ಎಂದು ಕಾದೆ. ಆಮೇಲೆ ಅವರ ದನಿ ಫೋನಿನಿಂದ ದೂರ ಹೋಯಿತು. ಹೆಂಡತಿಗೆ ಹೇಳುತ್ತಿದ್ದರು: “ಕೇಳಿಸ್ತೇನೇ? ನಾನು ಹೇಳಿದ್ದೆ ಅಂತೆ. ನಿಜವಾಗ್ಲೂ ಹೇಳಿದ್ದೆ ಅಂತೆ ಕಣೇ.” ಚಿಕ್ಕ ಮಗು ಹೇಳಿದ ಹಾಗೆ, ಎರಡೆರಡು ಸಲ. ನನಗೆ ಬೈಗುಳವೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ದನಿ ಮತ್ತೆ ಹತ್ತಿರ ಬಂತು. ಈಗ ಅದು ಬೇರೆಯಾಗಿತ್ತು. “ಬರೆದ್ಯಾ?”

“ಈಗ ಬರೀತೀನಿ ಅಣ್ಣ.”

“ಈ ಮಾತು ಒಂದ್ಸಲ ಕೇಳಿದ್ದೀನಿ” ಎಂದರು. ಫೋನ್ ಕಟ್ಟಾಯಿತು.

ಸಾಹೇಬರು ಒಂಬತ್ತಕ್ಕೆ ಬಂದರು. ಕೈಯಲ್ಲಿ ವಿಚಾರಣೆಯಿಂದ ವಾಪಸು ಬಂದ ಬಾಯಿಮಾತಿನ ಪುಸ್ತಕ. ಹದಿನೇಳನೇ ಸಾಲಿನ ಪುಟದಲ್ಲಿ ಒಂದು ಚೀಟಿ ಸಿಕ್ಕಿಸಿತ್ತು: ಖಾಲಿ ಸಾಲನ್ನು ಗುಮಾಸ್ತೆ ಹೊಡೆದುಹಾಕಿ ಸಹಿ ಮಾಡತಕ್ಕದ್ದು. “ನಿಮ್ಮ ಕೈಯೇ ಆಗಬೇಕಲ್ಲ, ಇಲ್ಲದಿದ್ರೆ ನಾನೇ ಹೊಡೆದುಬಿಡ್ತಿದ್ದೆ” ಎಂದು ಪುಸ್ತಕ ನನ್ನ ಮುಂದಿಟ್ಟರು. “ಒಂದು ಗೆರೆ, ಒಂದು ಸಹಿ. ಮಧ್ಯಾಹ್ನದೊಳಗೆ ಕಡತ ಕಳಿಸಬೇಕು.”

ನಾನು ಪೆನ್ನಿನ ಮುಚ್ಚಳ ತೆಗೆದೆ. ಗೆರೆ ಎಳೆಯಲಿಲ್ಲ, ಬರೆಯಲು ಶುರುಮಾಡಿದೆ. ಒಂದು ದೂರಿಗೆಂದು ಮಾಡಿದ ಸಾಲು ಅದು, ಜಾಗ ಸಾಲುವಂತಿರಲಿಲ್ಲ. ಅಕ್ಷರಗಳನ್ನು ಸಾಸಿವೆಯಷ್ಟು ಚಿಕ್ಕದಾಗಿಸಿದೆ. ಸಾಹೇಬರು ತಮ್ಮ ಮೇಜಿನಿಂದ ಎರಡು ಸಲ ತಲೆಯೆತ್ತಿ ನೋಡಿದರು. ಮೂರನೇ ಸಲ ಎದ್ದು ಬಂದು ನನ್ನ ಹಿಂದೆ ನಿಂತು ಓದಿದರು.

“ನಿಲ್ಲಿಸಿ” ಎಂದರು.

ನಾನು ನಿಲ್ಲಿಸಲಿಲ್ಲ.

“ನೋಡೀಮ್ಮಾ, ಇದನ್ನ ಬರೆದ್ರೆ ಏನಾಗುತ್ತೆ ಗೊತ್ತಾ? ವಿಚಾರಣೆ ಮತ್ತೆ ಮೊದಲಿಂದ. ನಿಮ್ಮ ಕೆಲಸ ಹೋಗುತ್ತೆ. ಅಷ್ಟಕ್ಕೇ ನಿಲ್ಲೋದೂ ಇಲ್ಲ.”

“ಗೊತ್ತು ಸರ್.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. “ಬರೀಬೇಡಿ ಅಂತ ನಾನು ಹೇಳಿದ್ನಾ ನಿಮಗೆ ಅವತ್ತು?”

“ಇಲ್ಲ ಸರ್. ನೀವು ಏನೂ ಹೇಳಿಲ್ಲ. ಅದನ್ನೂ ಬೇಕಾದ್ರೆ ಬರೀತೀನಿ.”

“ಎಂಟು ಬೇಕು ಅಂದಿದ್ದೆ” ಎಂದರು ಸಾಹೇಬರು, ಯಾರಿಗೆ ಎಂದು ತಿಳಿಯಲಿಲ್ಲ. ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಕನ್ನಡಕ ಹಾಕಿಕೊಳ್ಳಲಿಲ್ಲ.

ಸಾಲು ತುಂಬಿ, ಬಲಗಡೆಯ ಅಂಚಿನಲ್ಲಿ ಕೆಳಮುಖವಾಗಿ ಇಳಿದು, ಪುಟದ ಬುಡದವರೆಗೆ ಹೋಯಿತು. ಬರೆದದ್ದು ಇಷ್ಟು:

‘ವಿಮಾನ ಏಳು. ತಾಲೀಮಿಗೆ ಎರಡು ದಿನ ಮುಂಚೆ, ಮಂಗಳವಾರ, ಪೈಲಟ್ ಸ್ವತಃ ಬಂದು ಹೇಳಿದ್ದು: ಕಡಿಮೆ ಎತ್ತರದ ತಿರುವಿನಲ್ಲಿ ಥ್ರಾಟಲ್ ಮುಂದೊತ್ತಿದಾಗ ಎಂಜಿನ್ ಒಂದು ಉಸಿರಿನಷ್ಟು ತಡವಾಗಿ ಓಗೊಟ್ಟಿತು. ಆರು ಮತ್ತು ಹನ್ನೊಂದನೇ ಸಾಲು ಸೇರಿ ಇದು ಮೂರನೆಯದು. ಅಂದೇ ಬರೆದಿದ್ದರೆ ವಿಮಾನ ನಿಲ್ಲುತ್ತಿತ್ತು. ಶನಿವಾರ ಎಂಟು ಹಾರುವುದನ್ನು ನೋಡುವ ಆಸೆಯಿಂದ ನಾನು ಬರೆಯಲಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ. ಬರೆದೆಯಾ ಎಂದು ಪೈಲಟ್ ಕೇಳಿದಾಗ ಹೌದೆಂದು ತಲೆಯಾಡಿಸಿದೆ. ವಿಚಾರಣೆಯಲ್ಲಿ ಕೈತಪ್ಪಿತು ಎಂದದ್ದು ಸುಳ್ಳು.’

ಕೆಳಗೆ ಆ ಮಂಗಳವಾರದ ದಿನಾಂಕ ಹಾಕಲಿಲ್ಲ, ಆ ಸೋಮವಾರದ್ದನ್ನೇ ಹಾಕಿದೆ. ಸಹಿ ಮಾಡಿದೆ. ಓದಲು ಅನುಕೂಲವಾಗಲೆಂದು ಪುಸ್ತಕವನ್ನು ತಿರುಗಿಸಿ ಸಾಹೇಬರ ಮೇಜಿನ ಮೇಲಿಟ್ಟೆ.